ಮೈಲಾಪುರಕ್ಕೆ ಒಂದು ದಿನದ ಪಾದಯಾತ್ರೆ: ಹತ್ತು ಸೂತ್ರಗಳು

ರಾಮಸಮುದ್ರದ ಸೀಮೆಯವರಿಗೆ ಮೈಲಾಪುರದ ಮಲ್ಲಯ್ಯ ಹೊಸಬನಲ್ಲ. ಎರಡೂ ಯಾದಗಿರಿ ತಾಲ್ಲೂಕಿನ ಊರುಗಳೇ. ಗುಡ್ಡದ ಗವಿಯಲ್ಲಿ ನೆಲೆಸಿದ ಈ ದೇವರನ್ನು ನೋಡಲು ಸಂಕ್ರಾಂತಿಗೆ ಕರ್ನಾಟಕವಷ್ಟೇ ಅಲ್ಲ, ತೆಲಂಗಾಣ, ಆಂಧ್ರ, ಮಹಾರಾಷ್ಟ್ರದಿಂದಲೂ ಜನ ಬರುತ್ತಾರೆ. ಯಾದಗಿರಿ ಪಟ್ಟಣದಿಂದ ಸುಮಾರು 20 ಕಿ.ಮೀ. ದೂರ. ಆರೋಗ್ಯವಾಗಿರುವ ಯಾರಾದರೂ ಒಂದೇ ದಿನದಲ್ಲಿ ನಡೆದು ಮುಟ್ಟಬಹುದಾದ ದಾರಿ. ಆದರೆ ನಮ್ಮ ಬಿಸಿಲು ನಾಡಿನಲ್ಲಿ ಕಿಲೋಮೀಟರ್ ಎಣಿಸಿದರೆ ಸಾಲದು, ಹೊತ್ತು ಎಣಿಸಬೇಕು. ಮೊದಲ ಸಲ ನಡೆಯಲು ಹೊರಟವರಿಗೆ ಈ ಹತ್ತು ಸೂತ್ರಗಳು.

1. ತಿಂಗಳು ಮೊದಲು, ತಾರೀಖು ಆಮೇಲೆ

ನವೆಂಬರ್‌ನಿಂದ ಫೆಬ್ರವರಿ ಮೊದಲ ವಾರದವರೆಗೆ ನಡೆಯಲು ಒಳ್ಳೆಯ ಕಾಲ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿಯ ಬಿಸಿಲು 40 ಡಿಗ್ರಿ ದಾಟುತ್ತದೆ, ಆಗ ಈ ಯೋಚನೆಯೇ ಬೇಡ. ಮಳೆಗಾಲದಲ್ಲಿ ಎರೆ ಮಣ್ಣು ಬೂಟಿಗೆ ಮೆತ್ತಿಕೊಂಡು ಒಂದೊಂದು ಹೆಜ್ಜೆಗೂ ಭಾರ ಏರುತ್ತದೆ. ಹಳ್ಳಗಳೂ ಹೇಳದೆ ಕೇಳದೆ ಬರುತ್ತವೆ.

2. ಜಾತ್ರೆಗೋ, ನಡಿಗೆಗೋ ತೀರ್ಮಾನಿಸಿ

ಸಂಕ್ರಾಂತಿಯ ದಿನ ಮಲ್ಲಯ್ಯನ ಉತ್ಸವಮೂರ್ತಿಯನ್ನು ಪಲ್ಲಕ್ಕಿಯಲ್ಲಿ ಹೊನ್ನಕೆರೆಗೆ ಒಯ್ದು ಗಂಗಾಸ್ನಾನ ಮಾಡಿಸುತ್ತಾರೆ. ದಾರಿಯುದ್ದಕ್ಕೂ ಭಂಡಾರ (ಅರಿಶಿನದ ಪುಡಿ) ಹಾರುತ್ತದೆ, ‘ಏಳುಕೋಟಿ’ ಘೋಷ ಮೊಳಗುತ್ತದೆ. ಕಬ್ಬಿಣದ ಸರಪಳಿ ಹರಿಯುವ ಆಚರಣೆಯನ್ನು ನೋಡಲೆಂದೇ ಜನ ಕಾದು ನಿಲ್ಲುತ್ತಾರೆ. ಆ ಸಂಭ್ರಮ ಬೇಕೆಂದರೆ ಸಂಕ್ರಾಂತಿಗೇ ಹೋಗಿ, ಆದರೆ ಹಿಂದಿನ ದಿನವೇ ಸೇರಿಬಿಡಿ. ನಡಿಗೆಯ ಸುಖ ಬೇಕೆಂದರೆ ಜಾತ್ರೆ ಬಿಟ್ಟು ಬೇರೆ ದಿನ ಆರಿಸಿ. ರವಿವಾರ ಮಲ್ಲಯ್ಯನ ವಾರ, ಅಂದು ಭಕ್ತರು ಹೆಚ್ಚು. ನೆಮ್ಮದಿಯ ದರ್ಶನಕ್ಕೆ ವಾರದ ನಡುವಿನ ದಿನ ಲೇಸು.

3. ನಾಲ್ಕು ವಾರ ಮೊದಲೇ ಕಾಲು ಪಳಗಿಸಿ

ಮೊದಲ ವಾರ ಒಂದು ಬೆಳಗ್ಗೆ 4 ಕಿ.ಮೀ., ಎರಡನೇ ವಾರ 6, ಮೂರನೇ ವಾರ 8, ನಾಲ್ಕನೇ ವಾರ 12 ಕಿ.ಮೀ. ನಡೆಯಿರಿ. ಯಾತ್ರೆಯಲ್ಲಿ ಹಾಕಿಕೊಳ್ಳುವ ಬೂಟು, ಹೊರುವ ಚೀಲ ಅಭ್ಯಾಸದಲ್ಲೂ ಜೊತೆಗಿರಲಿ. 12 ಕಿ.ಮೀ. ನಡೆದ ಮರುದಿನ ಎಂದಿನ ಕೆಲಸ ಮಾಡಲು ಸಾಧ್ಯವಾದರೆ ನೀವು ಸಿದ್ಧ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಎದೆನೋವು, ಮಂಡಿನೋವು ಇದ್ದವರು ಡಾಕ್ಟರರನ್ನು ಕೇಳದೆ ಹೊರಡಬೇಡಿ.

4. ಗಡಿಯಾರದ ಪ್ರಕಾರ ದಾರಿ ಹಂಚಿ

ಜನವರಿಯಲ್ಲಿ ಸೂರ್ಯ ಹುಟ್ಟುವಾಗ ಏಳಕ್ಕೆ ಹತ್ತಿರ. ನೀವು 5:30ಕ್ಕೇ ಹೊರಡಿ. ಸಮತಟ್ಟು ದಾರಿಯಲ್ಲಿ ಗಂಟೆಗೆ 4 ಕಿ.ಮೀ. ಸಲೀಸು. ಪ್ರತಿ ಗಂಟೆಗೆ ಹತ್ತು ನಿಮಿಷ ಕೂತರೂ 20 ಕಿ.ಮೀ.ಗೆ ಆರು ಗಂಟೆ ಸಾಕು, ಬಿಸಿಲು ನೆತ್ತಿಗೆ ಬರುವ ಮೊದಲೇ ಮೈಲಾಪುರ. ಹೊರಡುವಾಗಲೇ ಒಂದು ಕಟ್ಟುನಿಟ್ಟು ಮಾಡಿಕೊಳ್ಳಿ: 9 ಗಂಟೆಗೆ ಅರ್ಧ ದಾರಿ ಮುಗಿಯದಿದ್ದರೆ ಉಳಿದದ್ದು ಬಸ್ಸಿನಲ್ಲಿ. ಹರಕೆ ಹೊತ್ತವರಿಗೆ ಈ ಮಾತು ಕಷ್ಟವೆನಿಸಬಹುದು. ಆದರೂ ಮಧ್ಯಾಹ್ನದ ಬಿಸಿಲಲ್ಲಿ ಕುಸಿದು ಬೀಳುವುದಕ್ಕಿಂತ ಇದೇ ಸರಿ.

5. ಮರಳುವಾಗ ನಡೆಯಬೇಡಿ

ಒಂದೇ ದಿನ ಹೋಗುವಾಗಲೂ ಬರುವಾಗಲೂ ನಡೆದರೆ 40 ಕಿ.ಮೀ. ಆಗುತ್ತದೆ. ಅದು ನುರಿತವರ ಕೆಲಸ. ಮರಳಲು ಬಸ್ಸೋ, ಟಂಟಮ್ಮೋ, ಮನೆಯವರ ಗಾಡಿಯೋ, ಹಿಂದಿನ ದಿನವೇ ಗೊತ್ತುಮಾಡಿ. ಜನವರಿಯಲ್ಲಿ ಆರು ದಾಟುತ್ತಲೇ ಕತ್ತಲಾಗುತ್ತದೆ, ಆ ಹೊತ್ತಿಗೆ ಮನೆಯ ಹಾದಿ ಹಿಡಿದಿರಬೇಕು. ಚಿಕ್ಕ ಮಕ್ಕಳು, ವಯಸ್ಸಾದವರು ಕೂಡಿ ಬರುತ್ತಿದ್ದರೆ ಅವರನ್ನು ಕೊನೆಯ 5 ಕಿ.ಮೀ.ಗೆ ಸೇರಿಸಿಕೊಳ್ಳಿ. ಮನೆಮಂದಿಯೆಲ್ಲ ಒಟ್ಟಿಗೆ ಮುಟ್ಟಿದ ಸಂತೋಷವೂ ಸಿಗುತ್ತದೆ.

6. ಪಾದಕ್ಕೆ ಮೊದಲ ಮಣೆ

ಹೊಸ ಚಪ್ಪಲಿ, ಹೊಸ ಬೂಟು ಬೇಡ. ಹೊರಡುವ ಮೊದಲು ಬೆರಳ ಸಂದಿಗೆ, ಹಿಮ್ಮಡಿಗೆ ಕೊಬ್ಬರಿ ಎಣ್ಣೆ ಸವರಿ ಹತ್ತಿಯ ಕಾಲುಚೀಲ ಹಾಕಿ. ಹಿಮ್ಮಡಿ ಉರಿಯತೊಡಗಿದ ಕೂಡಲೇ ನಿಂತು ಅಲ್ಲಿ ಅಂಟುಪಟ್ಟಿ ಹಚ್ಚಿ, ಬೊಕ್ಕೆ ಏಳುವವರೆಗೆ ಕಾಯಬೇಡಿ. ಜಾಲಿ ಮುಳ್ಳು ತೆಳ್ಳಗಿನ ರಬ್ಬರ್ ಚಪ್ಪಲಿಯನ್ನು ತೂರಿ ಪಾದಕ್ಕೆ ಇಳಿಯುತ್ತದೆ. ತುದಿ ಒಳಗೇ ಮುರಿದರೆ ಮುಂದಿನ ಹೆಜ್ಜೆ ಇಡಲಾಗದು, ಆದ್ದರಿಂದ ಒಂದು ಚಿಮಟ, ಒಂದು ಸೂಜಿ ಚೀಲದಲ್ಲಿರಲಿ. ಬರಿಗಾಲ ಹರಕೆ ಇದ್ದವರು ಅದನ್ನು ಗುಡ್ಡದ ಬುಡದಿಂದ ಮೇಲಕ್ಕೆ ಸಲ್ಲಿಸಿದರೂ ಭಕ್ತಿಗೆ ಕೊರತೆಯಾಗದು. ಬಂಡೆ ಕಾಯುವ ಮೊದಲು ಹತ್ತಬೇಕು, ಅಷ್ಟೇ.

7. ನೀರು ಹೊತ್ತು ನಡೆಯಿರಿ, ಬುತ್ತಿ ಕಟ್ಟಿಕೊಳ್ಳಿ

ಒಬ್ಬರಿಗೆ ಮೂರು ಲೀಟರ್ ನೀರು. ಬಾಯಾರಿಕೆಗೆ ಕಾಯದೆ ಕಾಲು ಗಂಟೆಗೊಮ್ಮೆ ಎರಡು ಗುಟುಕು ಕುಡಿಯಿರಿ. ಬೆವರಿನ ಜೊತೆ ಉಪ್ಪೂ ಹೋಗುತ್ತದೆ, ಉಪ್ಪು ಹಾಕಿದ ಮಜ್ಜಿಗೆ ಅಥವಾ ಓಆರ್‌ಎಸ್ ಅದನ್ನು ತುಂಬುತ್ತದೆ. ಬುತ್ತಿಗೆ ನಮ್ಮ ಕಡಕ್ ರೊಟ್ಟಿ, ಶೇಂಗಾ ಹಿಂಡಿಯನ್ನು ಮೀರಿಸುವುದು ಯಾವುದೂ ಇಲ್ಲ: ಹಗುರ, ಕೆಡುವುದಿಲ್ಲ, ಹೊಟ್ಟೆಯಲ್ಲಿ ನಿಲ್ಲುತ್ತದೆ. ಸಂಕ್ರಾಂತಿ ಹೊತ್ತಿಗೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಯೂ ಇರುತ್ತದೆ. ದಾರಿಯಲ್ಲಿ ಸ್ವಲ್ಪ ಸ್ವಲ್ಪ ತಿನ್ನಿ, ಹೊಟ್ಟೆ ತುಂಬ ಊಟ ದರ್ಶನದ ನಂತರ.

8. ದಾರಿ ಕೇಳಿ, ಹೊಲ ಉಳಿಸಿ

ಮೊಬೈಲ್ ನಕ್ಷೆಗೆ ಡಾಂಬರು ರಸ್ತೆ ಗೊತ್ತು. ಯಾವ ಒಡ್ಡು ಹಿಡಿದರೆ ಹಳ್ಳ ದಾಟಬಹುದು, ಯಾವ ಬಾವಿಯ ನೀರು ಕುಡಿಯಲು ಬರುತ್ತದೆ ಎಂಬುದು ಊರ ಹಿರಿಯರಿಗೆ ಗೊತ್ತು. ರಾಮಸಮುದ್ರದಂಥ ಊರಿನಿಂದ ಹೊರಡುವವರು ಹಿಂದಿನ ಸಂಜೆಯೇ ಕಟ್ಟೆಯ ಮೇಲೆ ಕೂತವರನ್ನು, ‘ಯಣ್ಣ, ಗುಡ್ಡಕ್ಕೆ ಯಾವ ದಾರಿ ಚಲೋ ಐತಿ?’ ಎಂದು ಕೇಳಿಕೊಳ್ಳಿ. ಹೊಲದಾರಿ ಹಿಡಿದರೆ ಒಡ್ಡಿನ ಮೇಲೆ ಒಬ್ಬರ ಹಿಂದೆ ಒಬ್ಬರು ನಡೆಯಿರಿ. ಚಳಿಗಾಲದಲ್ಲಿ ತೊಗರಿ ಕೊಯ್ಲು, ಹತ್ತಿ ಬಿಡಿಸುವ ಕೆಲಸ ನಡೆದಿರುತ್ತದೆ. ರೈತನ ವರ್ಷದ ದುಡಿಮೆ ತುಳಿದು ದೇವರ ಬಳಿ ಹೋಗಬಾರದು.

9. ಕತ್ತಲಲ್ಲಿ ಕಾಣುವಂತಿರಿ

ಬೆಳಗಿನ ಜಾವ ಡಾಂಬರು ರಸ್ತೆಯಲ್ಲಿ ಬಲಗಡೆ ನಡೆಯಿರಿ, ಎದುರಿನ ವಾಹನ ನಿಮಗೆ ಕಾಣುತ್ತದೆ. ಬಿಳಿ ಬಟ್ಟೆ ಹಾಕಿ, ಬ್ಯಾಟರಿ ಹಚ್ಚಿಕೊಳ್ಳಿ. ಕನಿಷ್ಠ ಮೂವರು ಕೂಡಿ ಹೋಗಿ, ಎಲ್ಲರಿಗಿಂತ ನಿಧಾನ ನಡೆಯುವವರನ್ನು ಮುಂದೆ ಬಿಡಿ. ಹುಲ್ಲು, ಕಂಟಿ ಇರುವಲ್ಲಿ ಕೋಲಿನಿಂದ ನೆಲ ಬಡಿದು ಹೆಜ್ಜೆ ಇಡಿ. ಆಂಬುಲೆನ್ಸಿಗೆ 108, ಪೊಲೀಸರಿಗೆ 112 ಎಂಬುದು ತಂಡದ ಎಲ್ಲರಿಗೂ ನೆನಪಿರಲಿ. ಯಾರಿಗಾದರೂ ತಲೆ ಸುತ್ತಿ, ಬೆವರು ನಿಂತು, ಮಾತು ತೊದಲಿದರೆ ನೆರಳಿಗೆ ಒಯ್ದು, ಮೈಗೆ ನೀರು ಸುರಿದು, ತಡಮಾಡದೆ 108ಕ್ಕೆ ಕರೆ ಮಾಡಿ.

10. ಮರಿ ಬೇಡ, ಕಸ ಬೇಡ

ಪಲ್ಲಕ್ಕಿಯ ಮೇಲೆ ಕುರಿಮರಿ ಎಸೆಯುವ ಪದ್ಧತಿ ಇಲ್ಲಿತ್ತು. ಜಿಲ್ಲಾಡಳಿತ ಅದನ್ನು ನಿಷೇಧಿಸಿದೆ, ಜಾತ್ರೆಗೆ ಬರುವ ದಾರಿಗಳಲ್ಲಿ ತಪಾಸಣೆಯೂ ನಡೆಯುತ್ತದೆ. ಈ ನಿಷೇಧ ಸರಿಯಾದದ್ದು. ಕುರುಬರು ಮಗುವಿನಂತೆ ಸಾಕಿದ ಜೀವ ಕಾಲ್ತುಳಿತಕ್ಕೆ ಸಿಕ್ಕಿ ಸಾಯಬಾರದು. ಹರಕೆಗೆ ಭಂಡಾರವಿದೆ, ಕಾಯಿ ಇದೆ, ದೂರದಿಂದ ನಡೆದು ಬಂದ ನಿಮ್ಮ ಪಾದಗಳಿವೆ. ನೀರಿನ ಬಾಟಲಿ, ಭಂಡಾರದ ಪೊಟ್ಟಣ, ಬುತ್ತಿಯ ಪ್ಲಾಸ್ಟಿಕ್ ಮರಳಿ ಚೀಲ ಸೇರಲಿ. ಹೊನ್ನಕೆರೆಗೆ ಏನನ್ನೂ ಎಸೆಯಬೇಡಿ, ಅದು ದೇವರು ಸ್ನಾನ ಮಾಡುವ ನೀರು.

ಹೊತ್ತು ನೋಡಿ ನಡೆಯುವ ಈ ಲೆಕ್ಕಾಚಾರ ಒಂದು ದಿನದ ನಡಿಗೆಗೇ ಮುಗಿಯುವುದಿಲ್ಲ. ಯುಗಾದಿಗೆ ನಮ್ಮ ಭಾಗದಿಂದ ಶ್ರೀಶೈಲಕ್ಕೆ ನಡೆದು ಹೋಗುವವರು ವಾರಗಟ್ಟಲೆ ಬಿಸಿಲಲ್ಲಿ ನಡೆದು, ನಲ್ಲಮಲ ಕಾಡು ಹೊಕ್ಕು, ಭೀಮನ ಕೊಳ್ಳ ಇಳಿದು ಹತ್ತಿ ಕೈಲಾಸದ್ವಾರ ಮುಟ್ಟುತ್ತಾರೆ. ಅವರೂ ನಸುಕಿಗೆ ಎದ್ದು, ಬಿಸಿಲೇರಿದಾಗ ನೆರಳು ಹಿಡಿದು, ತಂಪು ಹೊತ್ತಿನಲ್ಲಿ ಮತ್ತೆ ನಡೆಯುವವರೇ. ಮೈಲಾಪುರದ ದಾರಿಯಲ್ಲಿ ಹೊತ್ತನ್ನು ಗೌರವಿಸಲು ಕಲಿತವರು ಮುಂದೊಂದು ವರ್ಷ ಆ ದೊಡ್ಡ ದಾರಿಗೂ ಧೈರ್ಯವಾಗಿ ಹೊರಡಬಹುದು. ಮೊದಲ ಕೆಲಸ ಇಷ್ಟೇ: ಬರುವ ಚಳಿಗಾಲದ ಒಂದು ತಾರೀಖು ಗೊತ್ತುಮಾಡಿ, ಜೊತೆಗೆ ಬರುವ ಇಬ್ಬರಿಗೆ ಇವತ್ತೇ ತಿಳಿಸಿ, ನಾಳೆ ಬೆಳಗ್ಗೆ 4 ಕಿ.ಮೀ. ನಡೆಯಿರಿ.