ತಣ್ಣೀರ ಬಕೆಟ್ಟಿನ ಲೆಕ್ಕ

ಪ್ಲಂಬರ್ ಚೀಟಿಯಲ್ಲಿ ಬರೆದುಕೊಟ್ಟ ಮೊತ್ತ 24,000 ರೂಪಾಯಿ. ಅದರಲ್ಲಿ ಒಂದು ಸಣ್ಣ ಸರ್ಕ್ಯುಲೇಷನ್ ಪಂಪು, ಟೈಮರ್, ನಾನ್ ರಿಟರ್ನ್ ವಾಲ್ವ್, ನೆಲಮಹಡಿಯ ಬಚ್ಚಲಿನಿಂದ ತಾರಸಿಯ ಸೋಲಾರ್ ಟ್ಯಾಂಕಿಗೆ ವಾಪಸು ಹೋಗುವ ಮುಕ್ಕಾಲಿಂಚಿನ ಪೈಪು, ಕೂಲಿ ಎಲ್ಲ ಸೇರಿತ್ತು. ಡಕ್ಟಿನಲ್ಲೇ ಪೈಪು ಏರಿಸ್ತೀನಿ, ಎರಡು ಮೂರು ಟೈಲ್ಸ್ ಹೋಗಬಹುದು ಅಷ್ಟೇ ಅಂದ. “ನಲ್ಲಿ ತಿರುಗಿಸಿದ ತಕ್ಷಣ ಬಿಸಿನೀರು ಸಾರ್, ಒಂದು ಹನಿ ವೇಸ್ಟ್ ಆಗಲ್ಲ.” ಮಾತಿನ ಮೊದಲರ್ಧ ನನ್ನ ಹೆಂಡತಿಗೆ ಕೇಳಿಸಿತು, ಉಳಿದರ್ಧ ನನಗೆ. ಆಮೇಲಿನ ಚರ್ಚೆಯೆಲ್ಲ ಹುಟ್ಟಿದ್ದು ಅಲ್ಲಿಂದಲೇ.

ನಮ್ಮದು ಬೆಂಗಳೂರಿನ ಮೂವತ್ತು ನಲವತ್ತರ ಸೈಟಿನ ಮನೆ. ಅಗಲ ಕಡಿಮೆ, ಎತ್ತರ ಜಾಸ್ತಿ. ತಾರಸಿಯ ತುದಿಯಲ್ಲಿ 200 ಲೀಟರಿನ ಸೋಲಾರ್ ಕೂತಿದ್ದರೆ, ನಾವು ಸ್ನಾನ ಮಾಡುವುದು ಕೆಳಗೆ. ನಡುವೆ ಸುಮಾರು 25 ಮೀಟರ್ ಪೈಪು. ಗುರುತ್ವದ ಮೇಲೆ ಇಳಿಯುವ ನೀರಿನ ಧಾರೆ ಸಣ್ಣಗಾಗಬಾರದೆಂದು ಕಟ್ಟುವಾಗ ದಪ್ಪ ಪೈಪು ಹಾಕಿಸುತ್ತಾರೆ. ಒಂದಿಂಚಿನ ಸಿಪಿವಿಸಿ ಪೈಪು ಮೀಟರಿಗೆ ಹತ್ತಿರಹತ್ತಿರ 0.43 ಲೀಟರ್ ನೀರು ಹಿಡಿಯುತ್ತದೆ, ಮುಕ್ಕಾಲಿಂಚಿನದು 0.26. ಅಲ್ಲಿಗೆ ರಾತ್ರಿಯಿಡೀ ತಣ್ಣಗಾದ ಹತ್ತು ಲೀಟರ್ ಪೈಪಿನಲ್ಲೇ ನಿಂತಿರುತ್ತದೆ. ಅದು ಖಾಲಿಯಾಗಿ, ಪೈಪಿನ ಗೋಡೆಯೂ ಬಿಸಿಯಾಗಿ, ಕೈಗೆ ಹಿತವಾದ ನೀರು ಬರುವ ಹೊತ್ತಿಗೆ ಹದಿನೈದು ಲೀಟರಿನ ಬಕೆಟ್ ತುಂಬಿರುತ್ತದೆ. ಬಚ್ಚಲ ಮೂಲೆಯಲ್ಲೇ ಒಲೆ, ಒಲೆಯ ಮೇಲೆ ಹಂಡೆ ಇದ್ದ ಕಾಲದಲ್ಲಿ ಈ ಸಮಸ್ಯೆಗೆ ಹುಟ್ಟುವ ಅವಕಾಶವೇ ಇರಲಿಲ್ಲ, ನಡುವೆ ಪೈಪೇ ಇರಲಿಲ್ಲವಲ್ಲ. ಹೊಗೆ ಕುಡಿದವರಿಗೆ ಅದರ ಬೆಲೆಯೂ ಗೊತ್ತು ಬಿಡಿ.

ಬೆಳಗ್ಗೆ ಒಂದು, ಸಂಜೆ ಒಂದು ಬಕೆಟ್ ಅಂದರೆ ದಿನಕ್ಕೆ 30 ಲೀಟರ್, ವರ್ಷಕ್ಕೆ 11,000 ಲೀಟರ್ ಹತ್ತಿರ. ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಆದರೆ 2025ರ ಏಪ್ರಿಲ್‌ನಲ್ಲಿ ಏರಿದ ಮೇಲೂ ಜಲಮಂಡಳಿಯ ದರ, ನಮ್ಮಂಥ ಮನೆಗಳು ಬೀಳುವ ತಿಂಗಳಿಗೆ 8,000ದಿಂದ 25,000 ಲೀಟರಿನ ಹಂತದಲ್ಲಿ, ಸಾವಿರ ಲೀಟರಿಗೆ 14 ರೂಪಾಯಿ ಇತ್ತು. ಒಳಚರಂಡಿ ಶುಲ್ಕ ಬೇರೆ. ಅಷ್ಟೂ ನೀರು ಚರಂಡಿಗೇ ಹೋಯಿತೆಂದುಕೊಂಡರೂ ನಷ್ಟ ವರ್ಷಕ್ಕೆ 154 ರೂಪಾಯಿ. 24,000 ವಸೂಲಾಗಲು ಒಂದೂವರೆ ಶತಮಾನ ಬೇಕು. ಟ್ಯಾಂಕರ್ ನೀರು ತರಿಸುವವರ ಲೆಕ್ಕ ಬೇರೆ. 2024ರ ಮಾರ್ಚ್‌ನ ಬರದಲ್ಲಿ ಜಿಲ್ಲಾಡಳಿತ ಕಟ್ಟಿದ ದರ ಐದು ಕಿಲೋಮೀಟರಿನೊಳಗೆ 12,000 ಲೀಟರಿಗೆ 1,000 ರೂಪಾಯಿ ಇತ್ತು. ಆ ದರದಲ್ಲೂ ಪಂಪು ಉಳಿಸಿಕೊಡುವುದು ವರ್ಷಕ್ಕೆ 900 ರೂಪಾಯಿಯ ಆಸುಪಾಸು. ಅದೇ 24,000ವನ್ನು ಶೇ 6ರ ಬಡ್ಡಿಗೆ ಎಫ್‌ಡಿ ಇಟ್ಟರೆ ವರ್ಷಕ್ಕೆ 1,440 ಬರುತ್ತದೆ. ಜೊತೆಗೆ ಟ್ಯಾಂಕರಿನಲ್ಲಿ ಬರುವ ಬೋರ್‌ವೆಲ್ಲಿನ ಗಡಸು ನೀರು ಕುಡಿದು, ಸುಣ್ಣ ಕಟ್ಟಿಕೊಂಡು, ಅಂಗೈಯಗಲದ ಆ ಪಂಪು ಎಷ್ಟು ವರ್ಷ ಬಾಳೀತು?

“ಎಲ್ಲಾ ದುಡ್ಡಲ್ಲೇ ಅಳೀತೀರಲ್ಲ, ಕಾವೇರಿ ನೀರು ಕಣ್ರೀ” ಅಂದಳು ಹೆಂಡತಿ. ಸರಿ, ಅದನ್ನೂ ಅಳೆದೆ. ಕಾವೇರಿ ನೂರು ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರ ಏರಿ ನಮ್ಮೂರಿಗೆ ಬರುತ್ತಾಳೆ. ಸಾವಿರ ಲೀಟರನ್ನು ಅಷ್ಟು ಎತ್ತಲು ಪಂಪುಗಳಲ್ಲಿ ನಷ್ಟವಾಗುವುದೂ ಸೇರಿ ಎರಡು ಯೂನಿಟ್ ವಿದ್ಯುತ್ ಅಂತಿಟ್ಟುಕೊಳ್ಳಿ. ನಮ್ಮ 11,000 ಲೀಟರಿಗೆ ವರ್ಷಕ್ಕೆ 22 ಯೂನಿಟ್ ಆಯಿತು. ಬಚ್ಚಲಿನ 40 ವಾಟಿನ ಪಂಪನ್ನು ದಿನಕ್ಕೆ ಒಂದೂವರೆ ಗಂಟೆ ಓಡಿಸಿದರೂ ವರ್ಷಕ್ಕೆ 22 ಯೂನಿಟ್ಟೇ. ನೀರು ಉಳಿಯಿತು ನಿಜ, ವಿದ್ಯುತ್ತಿನ ಲೆಕ್ಕ ಅಲ್ಲಿಂದಲ್ಲಿಗೇ ಆಯಿತು. ಅಲ್ಲದೆ ನಮ್ಮ ಮನೆಯಲ್ಲಿ ಆ ಬಕೆಟ್ ಚರಂಡಿಗೆ ಹೋಗುವುದೇ ಇಲ್ಲ. ನೆಲ ಒರೆಸಲು, ಗಿಡಗಳಿಗೆ, ಸಂಜೆಯದು ವಾಷಿಂಗ್ ಮೆಷೀನಿಗೆ. ಉಳಿದಿರುವ ನೀರನ್ನೇ ಇನ್ನೊಮ್ಮೆ ಉಳಿಸುವುದು ಹೇಗೆ?

ನನಗೆ ನಿಜವಾಗಿ ಹೆದರಿಕೆ ಹುಟ್ಟಿಸಿದ್ದು ಶಾಖದ ಲೆಕ್ಕ. ಡಲ್ಲಾಸಿನಲ್ಲಿರುವ ಭಾಮೈದ ಫೋನಿನಲ್ಲಿ, “ಭಾವ, ಸುಮ್ನೆ ಹಾಕಿಸ್ಬಿಡಿ, ನಮ್ಮಲ್ಲಿ ಮನೆ ಜೊತೆಗೇ ಬಂತು” ಅಂದ. ಅವನ ಮನೆಯ ಹೀಟರ್ ಗ್ಯಾಸಿನದು. ಪೈಪಿನಲ್ಲಿ ಸುತ್ತುತ್ತ ನೀರು ಆರಿದಷ್ಟೂ ಅದು ಮತ್ತೆ ಕಾಯಿಸಿಕೊಡುತ್ತದೆ, ಬಿಲ್ಲು ತಿಂಗಳ ಕೊನೆಗೆ ಬರುತ್ತದೆ. ನಮ್ಮದು ಸೂರ್ಯ ಕಾಯಿಸಿದ ನೀರು. ಸಂಜೆ ಆರರ ನಂತರ ಟ್ಯಾಂಕಿನಿಂದ ಹೋದ ಶಾಖ ಮರುದಿನ ಬಿಸಿಲೇರುವವರೆಗೆ ವಾಪಸು ಬರುವುದಿಲ್ಲ. 200 ಲೀಟರ್ ನೀರನ್ನು 20 ಡಿಗ್ರಿಯಿಂದ 60ಕ್ಕೆ ಏರಿಸಿದರೆ ಅದರಲ್ಲಿ ಸುಮಾರು 9 ಯೂನಿಟ್ ಶಾಖ ಸೇರಿರುತ್ತದೆ. ಹೊದಿಕೆಯಿಲ್ಲದ ಬಿಸಿನೀರಿನ ಪೈಪು ಮೀಟರಿಗೆ 20 ವಾಟಿನಷ್ಟಾದರೂ ಗಾಳಿಗೆ ಬಿಡುತ್ತದೆ. ಹೋಗುವ ಪೈಪು, ಬರುವ ಪೈಪು ಸೇರಿ 50 ಮೀಟರಾದರೆ ಗಂಟೆಗೆ ಒಂದು ಯೂನಿಟ್. ರಾತ್ರಿ ಪಂಪು ಆಫ್ ಮಾಡಲು ಮರೆತರೆ ಬೆಳಗ್ಗೆ ನಲ್ಲಿ ತಿರುಗಿಸಿದ ತಕ್ಷಣ ನೀರು ಬರುತ್ತದೆ, ಕಾಯಬೇಕಾಗಿಲ್ಲ, ಏಕೆಂದರೆ ಇಡೀ ಟ್ಯಾಂಕೇ ಉಗುರುಬೆಚ್ಚಗಾಗಿರುತ್ತದೆ! ದೊಡ್ಡ ಹೋಟೆಲುಗಳಲ್ಲಿ ಇಂಥ ಸುತ್ತುಪೈಪು ದಿನವಿಡೀ ಓಡುವುದಕ್ಕೆ ಬೇರೆ ಕಾರಣವೂ ಉಂಟು. ಬೆಚ್ಚಗೆ ನಿಂತ ನೀರಿನಲ್ಲಿ ಲೀಜನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯದಂತೆ ಪೈಪಿನುದ್ದಕ್ಕೂ ಬಿಸಿ ಕಾಯ್ದುಕೊಳ್ಳಬೇಕು. ಆ ಖರ್ಚು ರೂಮಿನ ಬಾಡಿಗೆಯಲ್ಲಿ ಸೇರಿರುತ್ತದೆ.

ಪೈಪಿಗೆ ಹೊದಿಕೆ ಹಾಕಿಸಬಹುದಲ್ಲ ಅಂದಿರಾ? ಹಾಕಿಸಲೇಬೇಕು, ಪಂಪು ಇರಲಿ ಬಿಡಲಿ. ಆದರೆ ಅದರ ಪ್ರಯೋಜನ ಒಬ್ಬರ ಸ್ನಾನಕ್ಕೂ ಇನ್ನೊಬ್ಬರ ಸ್ನಾನಕ್ಕೂ ನಡುವಿನ ಹೊತ್ತಿಗೆ ಮಾತ್ರ. ರಾತ್ರಿಯಿಡೀ ಬಿಸಿ ಹಿಡಿದಿಡುವ ಶಕ್ತಿ ಅದಕ್ಕಿಲ್ಲ. ತಾರಸಿಯ ಬಿಸಿಲಿಗೆ ಕಪ್ಪು ಫೋಮು ಪುಡಿಯಾಗಿ ಉದುರುತ್ತದೆ, ಅಳಿಲುಗಳೂ ಕೈಲಾದ ಸಹಾಯ ಮಾಡುತ್ತವೆ. ಮೇಲೊಂದು ಅಲ್ಯೂಮಿನಿಯಂ ಹಾಳೆ ಸುತ್ತಿಸಿದರೆ ಬಾಳಿಕೆ ಬರುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ಹೆಂಡತಿಯ ವಾದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಬೆಳಗ್ಗೆ ಐದೂವರೆಗೆ ಮೊದಲು ಬಚ್ಚಲಿಗೆ ಹೋಗಿ, ಡಿಸೆಂಬರ್ ಚಳಿಯಲ್ಲಿ ನಲ್ಲಿಯ ಕೆಳಗೆ ಕೈಯಿಟ್ಟು ನಿಲ್ಲುವವಳು ಅವಳು. ನಾನು ಎದ್ದು ಹೋಗುವ ಹೊತ್ತಿಗೆ ಪೈಪು ಬಿಸಿಯಾಗಿರುತ್ತದೆ. ಉಳಿತಾಯದ ಹೆಸರಿನಲ್ಲಿ ಪಂಪು ಮಾರಲು ಬಂದವರನ್ನು ವಾಪಸು ಕಳಿಸಬಹುದು, ಸುಖದ ಹೆಸರಿನಲ್ಲಿ ಕೇಳಿದವರನ್ನು ಕಳಿಸಲಾಗದು. ಸುಖಕ್ಕೆ ದುಡ್ಡು ಕೊಡುವುದು ತಪ್ಪೇನಲ್ಲ. ಅದೇ ಸುಖ ಕಡಿಮೆ ದುಡ್ಡಿಗೆ ಸಿಗುತ್ತದೆಯೇ ಎಂದು ನೋಡಬೇಕು, ಅಷ್ಟೆ.

ಸಿಕ್ಕಿತು. ಮಳೆಗಾಲಕ್ಕೆಂದು ಬಚ್ಚಲಲ್ಲಿ 15 ಲೀಟರಿನ ಗೀಸರ್ ಮೊದಲೇ ಇತ್ತು. ಸೋಲಾರ್ ಲೈನನ್ನು ಅದರ ಮೂಲಕವೇ ತರಿಸಿದೆವು. ಗೀಸರ್ ಕಾಲು ಗಂಟೆ ಮೊದಲು ಆನ್ ಆದರೆ ಮೊದಲ ಸ್ನಾನ ಅದರ ನೀರಿನಲ್ಲಿ ಶುರುವಾಗುತ್ತದೆ, ಅಷ್ಟರಲ್ಲಿ ಸೋಲಾರ್ ನೀರು ಹಿಂದಿನಿಂದ ಬಂದು ಸೇರುತ್ತದೆ. ಅರ್ಧ ಯೂನಿಟ್ ಚಿಲ್ಲರೆ, ಅಂದರೆ ದಿನಕ್ಕೆ ಮೂರು ರೂಪಾಯಿ. ಬೈಪಾಸ್ ವಾಲ್ವ್ ಮಾತ್ರ ಮರೆಯಬಾರದು. ಇಲ್ಲದಿದ್ದರೆ ಗೀಸರ್ ಆಫ್ ಇದ್ದ ದಿನ ಅದರೊಳಗಿನ ತಣ್ಣೀರೂ ಖಾಲಿಯಾಗುವವರೆಗೆ ಕಾಯಬೇಕು. ಬಿಸಿನೀರು ಒಳಬಂದರೆ ತಡೆದುಕೊಳ್ಳುವ ಗೀಸರೇ ಎಂದು ಕಂಪನಿಯವರನ್ನು ಮೊದಲೇ ಕೇಳಿಕೊಳ್ಳುವುದೂ ಒಳ್ಳೆಯದು.

ಹೊಸದಾಗಿ ಕಟ್ಟುವವರಿಗೆ ನನ್ನ ಸಲಹೆ ಬೇರೆ. ಬಚ್ಚಲುಗಳನ್ನು ಸೋಲಾರಿನ ನೇರ ಕೆಳಗೆ ಒಂದರ ಮೇಲೊಂದು ಬರುವಂತೆ ಇಡಿಸಿ. ಗೋಡೆ ಇನ್ನೂ ತೆರೆದಿರುವಾಗಲೇ ವಾಪಸು ಪೈಪೊಂದನ್ನು ಎಳೆಸಿಬಿಡಿ, ಆಗ ಅದರ ಖರ್ಚು ಬರೀ ಪೈಪಿನದ್ದು. ಮೈಸೂರಿನಲ್ಲಿ ಮನೆ ಕಟ್ಟುತ್ತಿರುವ ತಮ್ಮನಿಗೆ ಹಾಗೇ ಮಾಡಿಸಿದ್ದೇನೆ. ಎರಡೂ ತುದಿಗೆ ಎಂಡ್ ಕ್ಯಾಪ್ ಹಾಕಿ, ಪಕ್ಕದಲ್ಲಿ ಒಂದು ಪ್ಲಗ್ ಪಾಯಿಂಟನ್ನೂ ಬಿಡಿಸಿದೆವು. ಪಂಪು ತರಬೇಕೋ ಬೇಡವೋ ಎಂಬುದನ್ನು ಅಲ್ಲಿ ಮೊದಲು ಎದ್ದು ಸ್ನಾನಕ್ಕೆ ಹೋಗುವವರೇ ಹೇಳಲಿ.