ಚಳಿಗಾಲಕ್ಕೆ ಹಿತ್ತಲಿನ ಸಿದ್ಧತೆ

ದೀಪಾವಳಿಯು ಕಳೆದು ಹಿಂಗಾರು ಮಳೆಯು ಹಿಂದೆಗೆದ ಮೇಲೆ ಹಾನಗಲ್ಲ ತಾಲೂಕಿನ ಆಡೂರು ಮತ್ತು ಅದರ ಸುತ್ತಣ ಗ್ರಾಮಗಳಲ್ಲಿ ಮೂಡಣ ಒಣಗಾಳಿಯು ಬೀಸಲಾರಂಭಿಸುತ್ತದೆ. ಹಿಮಾಲಯದ ಸೀಮೆಯಂತೆ ಇಲ್ಲಿ ನೀರು ಹೆಪ್ಪುಗಟ್ಟುವಷ್ಟು ಚಳಿಯಿಲ್ಲ. ಆದರೂ ಮಳೆಗಾಲದಲ್ಲಿ ನೆಟ್ಟ ಮಾವಿನ ಕಸಿಯೋ ತೆಂಗಿನ ಸಸಿಯೋ ಪುಷ್ಯಮಾಸದಲ್ಲಿ ಒಣಗಿದರೆ ‘ಚಳಿ ಹೊಡೆಯಿತು’ ಎನ್ನುವ ವಾಡಿಕೆಯುಂಟು. ಬುಡವನ್ನು ಕೆದಕಿ ನೋಡಿದರೆ ಬಹುಮಟ್ಟಿಗೆ ಕಾಣುವುದು ತೇವವಿಲ್ಲದ ಮಣ್ಣು. ಇಬ್ಬನಿಯು ಎಲೆಯನ್ನು ತೊಯಿಸುತ್ತದೆಯೇ ಹೊರತು ಬೇರನ್ನು ಮುಟ್ಟುವುದಿಲ್ಲ.

ಹಿತ್ತಲಿನ ಬಚ್ಚಲ ನೀರು ವರ್ಷವಿಡೀ ದೊಡ್ಡ ಮಾವಿನ ಮರದ ಬುಡಕ್ಕೆ ಹರಿಯುವುದು ಅನೇಕ ಮನೆಗಳ ಪದ್ಧತಿ. ಫಲ ಕೊಡುವ ಮಾವಿಗೆ ಹೂವಿನ ಮುಂಚೆ ಎರಡು ಮೂರು ತಿಂಗಳ ವಿಶ್ರಾಂತಿ ಬೇಕು. ತಂಪು ಹವೆಯೂ ಒಣನೆಲವೂ ಕೂಡಿದಾಗ ಮೊಗ್ಗು ಹೂವಾಗುತ್ತದೆ. ಬುಡದಲ್ಲಿ ನೀರು ನಿಂತರೆ ಅದೇ ಮೊಗ್ಗು ಚಿಗುರಾಗಿ ಹೋಗುತ್ತದೆ. ಆದುದರಿಂದ ಕಾರ್ತಿಕದಲ್ಲಿಯೇ ಆ ಕಾಲುವೆಯನ್ನು ಬಾಳೆಯ ಕಡೆಗೆ ತಿರುಗಿಸತಕ್ಕದ್ದು. ಈಚುಗಳು ಬಟಾಣಿಕಾಳಿನಷ್ಟಾದ ತರುವಾಯ ಮಾವಿಗೆ ಮತ್ತೆ ನೀರು ಬಿಡಬಹುದು. ಇದು ಖರ್ಚಿಲ್ಲದ ಕೆಲಸ. ಒಂದು ಗುದ್ದಲಿಯ ಪೆಟ್ಟು ಸಾಕು. ಆದರೆ ಎಳೆಯ ಕಸಿಗೆ ಈ ನಿಯಮವು ಸಲ್ಲದು. ಅದಕ್ಕೆ ವಾರಕ್ಕೊಮ್ಮೆಯಾದರೂ ಬೆಳಗಿನ ಹೊತ್ತು ನೀರುಣಿಸಬೇಕು. ಒಂದೇ ಹಿತ್ತಲಿನಲ್ಲಿ ತಾಯಿಗೆ ಉಪವಾಸ, ಮಗುವಿಗೆ ಊಟ!

ಎಳೆಗಿಡಗಳ ಪಾತಿಯನ್ನು ಎರಡಂಗುಲ ಮಾತ್ರ ಸಡಿಲಿಸಿ, ನೀರುಣಿಸಿ, ಮೇಲೆ ನಾಲ್ಕಂಗುಲ ತರಗೆಲೆಯನ್ನು ಹೊದಿಸತಕ್ಕದ್ದು. ಭತ್ತದ ಹುಲ್ಲು ದನಗಳಿಗೆ ಬೇಕಾದುದರಿಂದ ಅದನ್ನು ಬಳಸೆಂದು ನಾವು ಹೇಳಲಾರೆವು. ಹೊದಿಕೆಯು ಕಾಂಡವನ್ನು ಮುಟ್ಟಕೂಡದು. ಮುಟ್ಟಿದರೆ ಗೆದ್ದಲಿಗೆ ದಾರಿಯಾಗುವುದು.

ಅಡಕೆಯುಳ್ಳವರು ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಈ ಕಾಲದಲ್ಲಿ ಸೂರ್ಯನು ದಕ್ಷಿಣಕ್ಕೆ ವಾಲಿರುವುದರಿಂದ ಮಧ್ಯಾಹ್ನದ ಬಿಸಿಲು ನೈಋತ್ಯದಿಂದ ನೇರವಾಗಿ ಕಾಂಡಕ್ಕೆ ಬಡಿದು ತೊಗಟೆಯನ್ನು ಸುಡುತ್ತದೆ. ಆ ಬದಿಗೆ ಅಡಕೆಯ ಒಣಗರಿಯನ್ನು ಕಟ್ಟಿದರೆ ಸಾಕು.

ಮಂಜು ಕವಿದ ಮುಂಜಾನೆಗಳಲ್ಲಿ ಮಾವಿನ ಹೂಗೊಂಚಲಿಗೆ ಬೂದಿರೋಗ ತಗಲುವುದುಂಟು. ಗೊಂಚಲು ಹೊರಡುವಾಗ, ಹೂ ಬಿರಿಯುವ ಮುನ್ನ, ನೀರಿನಲ್ಲಿ ಕರಗುವ ಗಂಧಕವನ್ನು ಲೀಟರಿಗೆ 2 ರಿಂದ 3 ಗ್ರಾಮಿನಂತೆ ಬೆರಸಿ ಸಿಂಪಡಿಸತಕ್ಕದ್ದು. ಕೆಳಗೆ ಹೀರೆ, ಸೌತೆ, ಕುಂಬಳದ ಬಳ್ಳಿಗಳಿದ್ದರೆ ಎಚ್ಚರ. ಗಂಧಕವು ಅವುಗಳ ಎಲೆಯನ್ನು ಸುಡುವುದು.

ಉಳಿದ ತರಗನ್ನು ಗುಡಿಸಿ ಬೆಂಕಿಯಿಟ್ಟು ಮೈ ಕಾಯಿಸುವುದು ಹಿತವೇನೋ ಹೌದು, ಆದರೆ ಗೊಬ್ಬರವೇ ಹೊಗೆಯಾಗುತ್ತದೆ. 1939 ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಾ. ಸಿ. ಎನ್. ಆಚಾರ್ಯರು ರೂಪಿಸಿದ ಪದ್ಧತಿಯು ಒಣಕಾಲಕ್ಕೆ ತಕ್ಕುದು. ಮೂರಡಿ ಆಳದ ಗುಂಡಿಯಲ್ಲಿ ತರಗು, ಸಗಣಿ ಪದರಪದರವಾಗಿ ತುಂಬಿ, ನೀರು ಚಿಮುಕಿಸಿ, ಮೇಲೆ ಕೆಸರುಮಣ್ಣಿನಿಂದ ಮೆತ್ತಿದರೆ ತೇವವು ಆರುವುದಿಲ್ಲ. ತಿರುವುವ ಶ್ರಮವೂ ಇಲ್ಲ. ಮಾರ್ಗಶಿರದಲ್ಲಿ ಮುಚ್ಚಿದ ಗುಂಡಿಯನ್ನು ಆರು ಎಂಟು ತಿಂಗಳ ಮೇಲೆ, ಮುಂಗಾರಿನಲ್ಲಿ ಹೊಸ ಸಸಿ ನೆಡುವ ವೇಳೆಗೆ ತೆರೆಯಬಹುದು.