ಹಳೆಯ ಮಿಲಿಟರಿ ಜೀಪಿನ ಪೆಟ್ರೋಲ್ ಮೀಟರು

1941–45ರ ವಿಲ್ಲೀಸ್ ಜೀಪು ಸೇನೆಯ ಲೆಕ್ಕದಲ್ಲಿ ಕಾಲು ಟನ್ನಿನ ಟ್ರಕ್ಕು. ಮೀಟರು ‘ಅರ್ಧ’ ತೋರಿಸುತ್ತಿರುವಾಗಲೇ ಪೆಟ್ರೋಲ್ ಮುಗಿದು ಗಾಡಿ ಘಾಟಿಯಲ್ಲಿ ನಿಂತರೆ, ಹೊಸ ಮೀಟರು ಕೊಳ್ಳುವ ಮೊದಲು ಅರ್ತ್ ನೋಡಿರಿ.

ಚಾಲಕನ ಸೀಟಿನಡಿಯ ಟ್ಯಾಂಕಿನಲ್ಲಿ ಫ್ಲೋಟು ಇರುವ ಯೂನಿಟ್ಟಿದೆ. ಟ್ಯಾಂಕು ಖಾಲಿಯಾದಾಗ ಅದರ ತಡೆ ಸುಮಾರು 0 ಓಮ್, ತುಂಬಿದಾಗ 30. ತುಕ್ಕು ಹಿಡಿದ ಅರ್ತ್ ತನ್ನ ತಡೆಯನ್ನೂ ಸೇರಿಸುವುದರಿಂದ ಇಲ್ಲದ ಪೆಟ್ರೋಲ್ ಇದ್ದಂತೆ ಕಾಣುತ್ತದೆ.

ಕಿಡಿ ಹಾರದಂತೆ, ಕೀಲಿ ಆಫ್ ಮಾಡಿಯೇ ಯೂನಿಟ್ಟಿನ ತಂತಿ ಬಿಚ್ಚಿರಿ. ಬೀಡಿಯಂತೂ ಬೇಡವೇ ಬೇಡ. ತಂತಿಯನ್ನು ಚಾಸಿಗೆ ಬಿಗಿದು ಕೀಲಿ ಹಾಕಿದರೆ ಮುಳ್ಳು ‘ಖಾಲಿ’ಗೆ ಬರಬೇಕು, ಚಾಸಿಗೆ ತಾಗದಂತೆ ಬಿಟ್ಟರೆ ‘ಫುಲ್’ಗೆ ಏರಬೇಕು. ಎರಡೂ ಸರಿಯಿದ್ದರೆ ಮೀಟರಿನದೇನೂ ತಪ್ಪಿಲ್ಲ. ಯೂನಿಟ್ಟಿನ ಸ್ಕ್ರೂಗಳ ತುಕ್ಕು ಉಜ್ಜಿ, ಅಲ್ಲಿಂದ ಚಾಸಿಗೆ ಬೇರೊಂದು ತಂತಿ ಕೊಡಿರಿ. ಟ್ಯಾಂಕು ತುಂಬಿದ್ದರೂ ಮುಳ್ಳು ಏಳದಿದ್ದರೆ ಫ್ಲೋಟು ತೂತಾಗಿ ಮುಳುಗಿರಬಹುದು.